ಆಪರೇಷನ್ನಿಗೆ ಮುಂಚೆ ಅನಸ್ತೇಶಿಯಾ ಡಾಕ್ಟ್ರು ಜಾತಿ ಯಾಕೆ ಕೇಳ್ತಾರೆ?

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು. ನನ್ನ ತಂಗಿಗೆ ಈಗ ಎಂಟು ತಿಂಗಳು, ಮೊದಲನೇದು ಸಿಸೇರಿಯನ್ ಆಗಿತ್ತು, ಇದೂ ಸಿಸೇರಿಯನ್ನೇ ಅಂದಿದ್ದಾರೆ. ಮೊನ್ನೆ ಚೆಕಪ್ಪಿಗೆ ಹೋದಾಗ ಅನಸ್ತೇಶಿಯಾ ಡಾಕ್ಟ್ರು "ನೀವು ವೈಶ್ಯರಾ?" ಅಂತ ಕೇಳಿದ್ರಂತೆ. ಹೌದು, ಆರ್ಯವೈಶ್ಯರು ಅಂದಿದ್ದಕ್ಕೆ ಒಂದು ಬ್ಲಡ್ ಟೆಸ್ಟ್ ಬರೆದುಕೊಟ್ಟಿದ್ದಾರೆ. ಆಸ್ಪತ್ರೇಲೂ ಜಾತಿ ಕೇಳ್ತಾರಾ ಅಂತ ಅಮ್ಮನಿಗೆ ಬೇಜಾರು. ಹೋದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿ ರಕ್ತ ತೆಳು ಮಾಡೋ ಕ್ಲೋಪಿಡೋಗ್ರೆಲ್ ಮಾತ್ರೆ ಕೊಟ್ಟಿದ್ದಾರೆ, ಅವರಿಗೂ ಇಂಥದ್ದೇನಾದ್ರೂ ತೊಂದರೆ ಇರಬಹುದಾ? ಎಂಜಲು ಕಳಿಸಿದ್ರೆ ಯಾವ ಔಷಧಿ ಒಗ್ಗುತ್ತೆ ಯಾವುದು ಒಗ್ಗಲ್ಲ ಅಂತ ಪೂರ್ತಿ ರಿಪೋರ್ಟ್ ಕೊಡ್ತೀವಿ ಅನ್ನೋ ಜಾಹೀರಾತು ನೋಡಿದೆ, ಮನೆಯವರಿಗೆಲ್ಲ ಮಾಡಿಸಿಬಿಡಲಾ?

ಉತ್ತರ: ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ಆ ಡಾಕ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆನೇ, ಕೇಳದೇ ಇದ್ದಿದ್ರೆ ಬೇಜಾರು ಮಾಡ್ಕೋಬೇಕಿತ್ತು. ನಾನೂ ಅದೇ ಕೆಲಸದವನು, ದಕ್ಷಿಣ ಭಾರತದಲ್ಲಿ ಅನಸ್ತೇಶಿಯಾ ಕಲಿತವರಿಗೆ ಓದೋ ದಿನಗಳಲ್ಲೇ ಸೀನಿಯರ್‌ಗಳು ಇದನ್ನ ಹೇಳಿಕೊಟ್ಟಿರ್ತಾರೆ, ವೈಶ್ಯರು ಅಂತ ಗೊತ್ತಾದ್ರೆ ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಕೆಂಪಿಂಕಲ್ಲಿ ಬರೀರಿ ಅಂತ. ಆದ್ರೆ ಕೇಳೋವಾಗ ಯಾಕೆ ಕೇಳ್ತಿದೀವಿ ಅಂತ ಎರಡು ಮಾತು ಸೇರಿಸಿ ಹೇಳೋ ಅಭ್ಯಾಸ ನಮ್ಮವರಿಗೆ ಕಮ್ಮಿ, ಹಿಂದೆ ಐವತ್ತು ಜನ ಕಾಯ್ತಿರ್ತಾರೆ ಅನ್ನೋದು ನಿಜ, ಆದ್ರೂ ಹೇಳಬೇಕು.

ವಿಷಯ ಇರೋದು ಸ್ಕೋಲಿನ್ ಅನ್ನೋ ಇಂಜೆಕ್ಷನ್ನಲ್ಲಿ. ಪುಸ್ತಕದಲ್ಲಿ ಸಕ್ಸಿನೈಲ್‌ಕೋಲಿನ್, ಓಟಿಯಲ್ಲಿ ಯಾರೂ ಅಷ್ಟುದ್ದ ಹೇಳಲ್ಲ. ಪೂರ್ತಿ ಎಚ್ಚರ ತಪ್ಪಿಸಿ ಆಪರೇಷನ್ ಮಾಡೋವಾಗ ಗಂಟಲೊಳಗೆ ಉಸಿರಿನ ಟ್ಯೂಬ್ ಹಾಕಬೇಕಲ್ಲ, ಅದಕ್ಕೆ ದವಡೆ, ಗಂಟಲು, ಹೊಟ್ಟೆ ಎಲ್ಲದರ ಬಿಗಿ ಬಿಡಬೇಕು. ಸ್ಕೋಲಿನ್ ಕೊಟ್ರೆ ಒಂದು ನಿಮಿಷದೊಳಗೆ ಮೈಯಲ್ಲಿರೋ ಮಾಂಸಖಂಡಗಳೆಲ್ಲ ಸಡಿಲ, ಐದರಿಂದ ಹತ್ತು ನಿಮಿಷಕ್ಕೆ ತಾನಾಗೇ ವಾಪಸ್. ಈ ಎರಡೂ ಗುಣ ಇದ್ದಿದ್ದಕ್ಕೇ ಅದು 1950ರ ದಶಕದಿಂದ ಇವತ್ತಿನವರೆಗೂ ಉಳಿದುಕೊಂಡಿದೆ. ಅದರಲ್ಲೂ ಹೊಟ್ಟೆ ತುಂಬಾ ಊಟ ಮಾಡಿ ಆಕ್ಸಿಡೆಂಟ್ ಆಗಿ ಬಂದವರು, ತುಂಬು ಗರ್ಭಿಣಿಯರು, ಇವರಿಗೆ ಟ್ಯೂಬ್ ಹಾಕೋದು ತಡ ಆದ್ರೆ ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯೋ ಅಪಾಯ ಇರುತ್ತೆ, ಅಂಥ ಕಡೆ ಮೊದಲು ಕೈ ಹೋಗೋದೇ ಸ್ಕೋಲಿನ್ ಕಡೆ. ಮಾನಸಿಕ ಕಾಯಿಲೆಗೆ ಕರೆಂಟ್ ಟ್ರೀಟ್‌ಮೆಂಟ್ ಅಂತಾರಲ್ಲ, ಅಲ್ಲೂ ಕೈಕಾಲು ಜೋರಾಗಿ ಜಗ್ಗದೇ ಇರಲಿ ಅಂತ ಇದನ್ನೇ ಕೊಡ್ತಾರೆ.

ಆ ಐದು ಹತ್ತು ನಿಮಿಷಕ್ಕೆ ಅದು ಇಳಿಯೋದು ಹೇಗೆ? ನಮ್ಮ ಲಿವರ್ ತಯಾರಿಸಿ ರಕ್ತಕ್ಕೆ ಬಿಡೋ ಒಂದು ಕಿಣ್ವ ಇದೆ, ಸ್ಯೂಡೋಕೋಲಿನ್‌ಎಸ್ಟರೇಸ್ ಅಂತ, ಅದು ಸ್ಕೋಲಿನ್ನನ್ನ ಕಂಡಕಂಡಲ್ಲಿ ಒಡೆದು ಹಾಕುತ್ತೆ. ಎಷ್ಟು ಬೇಗ ಅಂದ್ರೆ, ಕೈಗೆ ಕೊಟ್ಟ ಔಷಧಿಯಲ್ಲಿ ಬಹುಪಾಲು ಮಾಂಸಖಂಡ ತಲುಪೋ ಮುಂಚೆ ದಾರೀಲೇ ಖಾಲಿ ಆಗಿರುತ್ತೆ. ನಾವು ಕೊಡೋ ಡೋಸೇ ಆ ಖರ್ಚನ್ನೂ ಲೆಕ್ಕ ಹಾಕಿ ಕೊಡೋದು. ಈಗ ಆ ಕಿಣ್ವನೇ ಇಲ್ಲದವರಿಗೆ ಅಷ್ಟೇ ಡೋಸ್ ಕೊಟ್ರೆ ಏನಾಗುತ್ತೆ ಯೋಚನೆ ಮಾಡಿ. ಪೂರ್ತಿ ಔಷಧಿ ಮಾಂಸಖಂಡಕ್ಕೆ ಹೋಗುತ್ತೆ, ಹೋಗಿದ್ದು ಅಲ್ಲೇ ಕೂತುಬಿಡುತ್ತೆ.

ಓಟಿಯಲ್ಲಿ ಇದು ಕಾಣೋದು ಹೀಗೆ. ಇಂಜೆಕ್ಷನ್ ಹೋದ ಮೇಲೆ ಮೊದಲು ರೆಪ್ಪೆ, ಕೆನ್ನೆ, ಆಮೇಲೆ ಹೆಗಲು, ಹೊಟ್ಟೆ, ಹಾಗೇ ಕಾಲ್ಬೆರಳವರೆಗೂ ಚರ್ಮದ ಕೆಳಗೆ ಸಣ್ಣಗೆ ಅದುರಿದಂಗೆ ಒಂದು ಅಲೆ ಇಳಿಯುತ್ತೆ, ಅದು ನಿಂತ ತಕ್ಷಣ ಟ್ಯೂಬ್ ಹಾಕ್ತೀವಿ. ಇಲ್ಲೀವರೆಗೆ ಎಲ್ಲರಿಗೂ ಒಂದೇ. ಹತ್ತು ನಿಮಿಷ ಕಳೆದ ಮೇಲೆ ಹೊಟ್ಟೆ ಸಣ್ಣಗೆ ಅಲುಗಾಡಬೇಕು, ಉಸಿರು ಕೊಡೋ ಬ್ಯಾಗ್ ಒತ್ತೋ ಕೈಗೆ ಪೇಷೆಂಟಿನ ಸ್ವಂತ ಉಸಿರು ತಗಲಬೇಕು. ತಗಲಲ್ಲ. ಹದಿನೈದು ನಿಮಿಷ ಆಯ್ತು, ಇಪ್ಪತ್ತಾಯ್ತು, ಸರ್ಜನ್ ಹೊಲಿಗೆ ಹಾಕಿ ಗ್ಲೌಸ್ ತೆಗೆದು ಟೀ ಕುಡಿಯೋಕೆ ಹೊರಟ್ರು, ನಾವಿನ್ನೂ ಬ್ಯಾಗ್ ಒತ್ತುತ್ತಾ ಇದೀವಿ. ಮಣಿಕಟ್ಟಿನ ಹತ್ರ ನರದ ಮೇಲೆ ಸಣ್ಣ ಮೆಷಿನ್ ಇಟ್ಟು ಕರೆಂಟ್ ಕೊಟ್ರೆ ಹೆಬ್ಬೆರಳು ಒಳಗೆ ಮಡಚಬೇಕು, ಅದೂ ಇಲ್ಲ. ನಾಡಿ, ಬಿಪಿ, ಆಕ್ಸಿಜನ್ ಎಲ್ಲ ಸರಿಯಾಗಿದೆ, ಕೈಕಾಲು ಮಾತ್ರ ಬಟ್ಟೆ ತರ ಬಿದ್ದಿದೆ. ಇಂಥ ಹೊತ್ತಲ್ಲಿ ಗೊತ್ತಿರೋ ಅನಸ್ತೇಶಿಯಾ ಡಾಕ್ಟ್ರು ಮೊದಲು ಮಾಡೋ ಕೆಲಸ ನಿದ್ದೆ ಔಷಧಿನ ನಿಲ್ಲಿಸದೇ ಮುಂದುವರೆಸೋದು. ಯಾಕಂದ್ರೆ ಸ್ಕೋಲಿನ್‌ಗೆ ಮಾಂಸಖಂಡ ಮಾತ್ರ ಗೊತ್ತು, ಎಚ್ಚರ ತಪ್ಪಿಸೋ ಶಕ್ತಿ ಅದಕ್ಕಿಲ್ಲ, ನಿದ್ದೆ ಔಷಧಿ ನಿಂತ್ರೆ ಮನುಷ್ಯ ಪೂರ್ತಿ ಎಚ್ಚರವಾಗಿ, ಎಲ್ಲ ಕೇಳಿಸ್ಕೊಂಡು, ಒಂದು ಬೆರಳೂ ಆಡಿಸೋಕಾಗದೇ ಮಲಗಿರ್ತಾರೆ. ಆಮೇಲೆ ವೆಂಟಿಲೇಟರ್ ಹಾಕಿ ಕಾಯೋದು, ಕೆಲವು ಗಂಟೆ. ಪ್ಲಾಸ್ಮಾ ಕೊಟ್ರೆ ಅದರಲ್ಲಿರೋ ಕಿಣ್ವ ಕೆಲಸ ಮಾಡುತ್ತೆ, ಆದ್ರೆ ಬೇರೆಯವರ ರಕ್ತದ ಪದಾರ್ಥ ಸುಮ್ಮನೆ ಯಾಕೆ, ಕಾದ್ರೆ ತಾನೇ ಸರಿ ಹೋಗುತ್ತಲ್ಲ ಅನ್ನೋದು ನಮ್ಮಲ್ಲಿ ಬಹಳ ಜನರ ಅಭಿಪ್ರಾಯ, ನಂದೂ ಅದೇ. ಉಸಿರಾಟ ನಾವು ನೋಡ್ಕೊಂಡ್ರೆ ಸಾಕು, ಸಂಜೆ ಹೊತ್ತಿಗೆ ಪೇಷೆಂಟ್ ಎದ್ದು ಕೂತು ಏನಾಯ್ತು ಅಂತ ನಮ್ಮನ್ನೇ ಕೇಳ್ತಾರೆ. ಅಪಾಯ ಇರೋದು ವೆಂಟಿಲೇಟರ್ ಇಲ್ಲದ ಸಣ್ಣ ಜಾಗದಲ್ಲಿ, ಅಥವಾ ಇದೇನು ಅಂತ ಹೊಳೆಯದೇ ಟ್ಯೂಬ್ ತೆಗೆದುಬಿಟ್ಟ ಕಡೆ.

ಈಗ ವೈಶ್ಯರ ವಿಷಯಕ್ಕೆ ಬರೋಣ. ಈ ಕಿಣ್ವ ಮಾಡೋ ಜೀನ್ ಎಲ್ಲರಲ್ಲೂ ಇದೆ, ಅದರಲ್ಲಿ ಕೊರತೆ ಇರೋರೂ ಪ್ರಪಂಚದ ಎಲ್ಲ ಕಡೆ ಇದ್ದಾರೆ, ಆದ್ರೆ ಅಪರೂಪ. ಕೊಯಮತ್ತೂರಿನ ಭಾರತಿಯಾರ್ ಯೂನಿವರ್ಸಿಟಿಯವರು ಅಮೆರಿಕದವರ ಜೊತೆ ಸೇರಿ ವೈಶ್ಯ ಸಮುದಾಯದಲ್ಲಿ ಹುಡುಕಿ 2006ರಲ್ಲಿ ಪ್ರಕಟಿಸಿದ್ರು: ಕಿಣ್ವ ಅಂದ್ರೆ ಅಮೈನೋ ಆಮ್ಲಗಳ ಒಂದು ಪ್ರೊಟೀನ್ ಸರಪಳಿ, ಅದರ 307ನೇ ಜಾಗದಲ್ಲಿ ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇರಬೇಕಾದ ಕಡೆ ಪ್ರೋಲಿನ್ ಅನ್ನೋದು ಬಂದು ಕೂತಿದೆ. ಒಂದೇ ಒಂದು ಅಕ್ಷರದ ವ್ಯತ್ಯಾಸ, ಆದ್ರೆ ಪ್ರೋಲಿನ್ ಬಂದ ಕಡೆ ಸರಪಳಿ ಸರಿಯಾಗಿ ಮಡಚಿಕೊಳ್ಳಲ್ಲ, ಕಿಣ್ವ ಕೆಲಸಕ್ಕೆ ಬರಲ್ಲ. ಆ ಸಮುದಾಯದಲ್ಲಿ ಅವರು ಪರೀಕ್ಷೆ ಮಾಡಿದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಿಗೆ ಕಿಣ್ವ ಇಲ್ಲವೇ ಇಲ್ಲ ಅನ್ನೋ ಹಾಗಿತ್ತು. ಬೇರೆ ಗುಂಪುಗಳಿಗೆ ಹೋಲಿಸಿದ್ರೆ ಇದು ಸುಮಾರು 100 ಪಟ್ಟು ಹೆಚ್ಚು.

ಯಾಕೆ ಇವರಲ್ಲೇ ಅಂತ ಕೇಳ್ತೀರ. ಯಾವುದೋ ಕಾಲದಲ್ಲಿ ಕೆಲವೇ ಕುಟುಂಬಗಳಿಂದ ಬೆಳೆದ ಗುಂಪು, ಆಮೇಲೆ ಎಷ್ಟೋ ತಲೆಮಾರು ಹೊರಗೆ ಮದುವೆ ಇಲ್ಲ. ಮೊದಲ ಕೆಲವೇ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಇದ್ದ ಬದಲಾವಣೆ ಇವತ್ತು ಲಕ್ಷಾಂತರ ಜನಕ್ಕೆ ಹಂಚಿಹೋಗಿದೆ. ದಕ್ಷಿಣ ಏಷ್ಯಾದ ಇನ್ನೂರೈವತ್ತಕ್ಕೂ ಹೆಚ್ಚು ಗುಂಪುಗಳ ಡಿಎನ್‌ಎ ನೋಡಿ 2017ರಲ್ಲಿ ಬಂದ ದೊಡ್ಡ ಅಧ್ಯಯನ ವೈಶ್ಯರನ್ನ ಇದೇ ಕಾರಣಕ್ಕೆ ಉದಾಹರಣೆಯಾಗಿ ತಗೊಂಡಿದೆ. ಹಾಗಂತ ಇದು ಅವರೊಬ್ಬರ ಕತೆ ಅಲ್ಲ, ಆ ಅಧ್ಯಯನದಲ್ಲೇ ಇಂಥ ಗುಂಪುಗಳು ಬೇಕಾದಷ್ಟಿವೆ, ಪ್ರತಿಯೊಂದರಲ್ಲೂ ಯಾವುದೋ ಒಂದು ಬದಲಾವಣೆ ಹೆಚ್ಚಾಗಿ ಕೂತಿರುತ್ತೆ, ಬಹಳಷ್ಟನ್ನ ಇನ್ನೂ ಯಾರೂ ಹುಡುಕಿಲ್ಲ ಅಷ್ಟೆ. ವೈಶ್ಯರದ್ದು ಓಟಿ ಟೇಬಲ್ ಮೇಲೆ ಕಣ್ಣಿಗೆ ಕಾಣೋ ಹಾಗೆ ಆಗುತ್ತೆ, ಅದಕ್ಕೇ ಬೇಗ ಗೊತ್ತಾಯ್ತು. ಕಿಣ್ವ ಇಲ್ಲದವರಿಗೆ ದಿನನಿತ್ಯದ ಬದುಕಲ್ಲಿ ಯಾವ ತೊಂದರೆಯೂ ಇಲ್ಲ ಅನ್ನೋದನ್ನೂ ಅಮ್ಮನಿಗೆ ಹೇಳಿ. ಇದು ಕಾಯಿಲೆ ಅಲ್ಲ. ಸ್ಕೋಲಿನ್ ಅಂತ ಒಂದು ಔಷಧಿ ಹುಟ್ಟದೇ ಇದ್ದಿದ್ರೆ ಇದು ಗೊತ್ತೇ ಆಗ್ತಿರಲಿಲ್ಲ.

ಆದ್ರೆ ಜಾತಿ ಕೇಳಿದ್ರೆ ಕೆಲಸ ಮುಗೀತು ಅಂದುಕೊಳ್ಳೋರನ್ನ ಕಂಡ್ರೆ ನನಗೆ ತಕರಾರಿದೆ. ಒಂದು, ನೂರಕ್ಕೆ ನಾಲ್ಕು ಅಂದ್ರೆ ಉಳಿದ ತೊಂಬತ್ತಾರು ವೈಶ್ಯರಿಗೆ ಈ ಗಂಟೆಗಟ್ಟಲೆ ಉಸಿರು ನಿಲ್ಲೋ ತೊಂದರೆ ಇಲ್ಲ. ಎರಡು, ವೈಶ್ಯರಲ್ಲದವರಲ್ಲೂ ಕೊರತೆ ಇರೋರು ಸಿಗ್ತಾರೆ. ಮೂರನೇದು ನಮ್ಮ ಕರ್ನಾಟಕದ ಹೆಸರುಗಳ ಗೊಂದಲ. ಕೇಸ್ ಶೀಟಲ್ಲಿ ಶೆಟ್ಟಿ ಅಂತಿದ್ರೆ ಅವರು ಮಂಗಳೂರು ಉಡುಪಿ ಕಡೆ ಬಂಟರಿರಬಹುದು, ಶೆಟ್ಟರ್ ಅಂತಿದ್ರೆ ಹುಬ್ಬಳ್ಳಿ ಕಡೆ ಲಿಂಗಾಯತ ಬಣಜಿಗರಿರಬಹುದು, ಇವರ್ಯಾರಿಗೂ ಈ ವಿಷಯಕ್ಕೂ ಸಂಬಂಧ ಇಲ್ಲ. ಗುಪ್ತ ಅಂತಿದ್ರೆ ನಮ್ಮ ಆರ್ಯವೈಶ್ಯರೂ ಇರಬಹುದು, ಉತ್ತರ ಪ್ರದೇಶದವರೂ ಇರಬಹುದು. ಇನ್ನು ಬರೀ ಹೆಸರಿನ ಮುಂದೆ ಇನಿಷಿಯಲ್ ಹಾಕ್ಕೊಂಡಿರೋರು, ಅಂತರ್ಜಾತಿ ಮದುವೆ ಆದವರ ಮಕ್ಕಳು, ಇವರದ್ದೆಲ್ಲ ಹೆಸರಲ್ಲಿ ಏನೂ ಗೊತ್ತಾಗಲ್ಲ. ಅದಕ್ಕೇ ಹಳಬರು ಕೆಲವರು "ಕನ್ನಿಕಾ ಪರಮೇಶ್ವರಿ ದೇವಸ್ಥಾನಕ್ಕೆ ನಡ್ಕೊಳ್ಳೋರಾ?" ಅಂತ ಕೇಳ್ತಾರೆ, ಆರ್ಯವೈಶ್ಯರ ಕುಲದೇವತೆ ಅದು, ನಾಜೂಕಾಗೂ ಆಯ್ತು, ಉತ್ತರನೂ ಖಚಿತ. ಆದ್ರೂ ಇದೆಲ್ಲ ಟೆಸ್ಟ್ ಯಾರಿಗೆ ಬರೀಬೇಕು ಅಂತ ತೀರ್ಮಾನ ಮಾಡೋಕಷ್ಟೇ. ಉತ್ತರ ಕೊಡೋದು ರಕ್ತ.

ನಿಮ್ಮ ತಂಗಿಗೆ ಬರೆದಿರೋ ಟೆಸ್ಟ್ ಸೀರಮ್ ಕೋಲಿನ್‌ಎಸ್ಟರೇಸ್ ಇರುತ್ತೆ. ಹೆದರಬೇಡಿ, ಇದೇನು ಬೆಂಗಳೂರಿಗೋ ಮುಂಬೈಗೋ ಕಳಿಸೋ ಜೆನೆಟಿಕ್ ಟೆಸ್ಟ್ ಅಲ್ಲ. ಹೊಲಕ್ಕೆ ಹೊಡೆಯೋ ಕೀಟನಾಶಕ ಹೊಟ್ಟೆಗೆ ಹೋಗಿ ಬಂದವರಿಗೆ ಆಸ್ಪತ್ರೆಗಳಲ್ಲಿ ಮಾಡ್ತಾರಲ್ಲ, ಅದೇ ಟೆಸ್ಟ್, ಆ ವಿಷಗಳೂ ಈ ಕಿಣ್ವವನ್ನೇ ಹಿಡಿಯೋದು. ಹಾಗಾಗಿ ನಮ್ಮ ಜಿಲ್ಲಾ ಕೇಂದ್ರಗಳ ಒಳ್ಳೇ ಲ್ಯಾಬುಗಳಲ್ಲಿ ಸಿಗುತ್ತೆ. ರಿಪೋರ್ಟ್ ಸಾವಿರಗಳ ಲೆಕ್ಕದಲ್ಲಿ ಬರುತ್ತೆ, ಲ್ಯಾಬಿಂದ ಲ್ಯಾಬಿಗೆ ನಾರ್ಮಲ್ ಅನ್ನೋ ಸಂಖ್ಯೆ ಬೇರೆ ಇರುತ್ತೆ, ಆದ್ದರಿಂದ ಪಕ್ಕದಲ್ಲಿ ಪ್ರಿಂಟ್ ಆಗಿರೋ ರೇಂಜ್ ನೋಡದೇ ಬರೀ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಅಪ್ಪ ಅಮ್ಮ ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದವರಿಗೆ ಅದು ನೆಲಕಚ್ಚಿರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ. ಒಂದು ಕಡೆಯಿಂದ ಮಾತ್ರ ಬಂದವರಿಗೆ ಅರ್ಧಕ್ಕರ್ಧ ಇರುತ್ತೆ, ಇಂಥವರು ಆ ಸಮುದಾಯದಲ್ಲಿ ಮೇಲಿನ ಲೆಕ್ಕದ ಪ್ರಕಾರ ಹೆಚ್ಚುಕಮ್ಮಿ ಮೂರರಲ್ಲೊಬ್ಬರು ಇರಬೇಕು, ಇವರಿಗೆ ಸ್ಕೋಲಿನ್ ಇಳಿಯೋದು ಸ್ವಲ್ಪ ನಿಧಾನ ಆಗಬಹುದು ಅಷ್ಟೆ, ಗಂಟೆಗಟ್ಟಲೆ ಹೋಗಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಬಸುರಿನಲ್ಲಿ ಎಲ್ಲರಿಗೂ ಈ ಕಿಣ್ವ ಕಾಲು ಭಾಗದಷ್ಟು ಇಳಿಯುತ್ತೆ, ಲಿವರ್ ತೊಂದರೆ ಇದ್ರೂ ಇಳಿಯುತ್ತೆ. ಹಾಗಾಗಿ ನಿಮ್ಮ ತಂಗಿ ರಿಪೋರ್ಟ್ ಸ್ವಲ್ಪ ಕಮ್ಮಿ ಅಂತ ಬಂದ್ರೆ ಅದು ಬಸುರಿನದ್ದೋ, ಒಂದು ಕಡೆ ಜೀನ್‌ದೋ ಅಂತ ಈಗಲೇ ಹೇಳೋಕಾಗಲ್ಲ, ಹೆರಿಗೆ ಆಗಿ ಎರಡು ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಮಾಡಿಸಬೇಕು. ತೀರಾ ಕಮ್ಮಿ ಬಂದ್ರೆ ಅನುಮಾನ ಬೇಡ, ಜೀನ್‌ದೇ.

ಇನ್ನೊಂದು, "ಮೊದಲನೇ ಸಿಸೇರಿಯನ್ನಲ್ಲಿ ಏನೂ ಆಗಿಲ್ಲ, ಈಗ್ಯಾಕೆ ಇದೆಲ್ಲ" ಅಂತ ಮನೇಲಿ ಯಾರಾದ್ರೂ ಅಂದೇ ಅಂತಾರೆ. ಸಿಸೇರಿಯನ್ ಬಹುಪಾಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋದು, ಅದರಲ್ಲಿ ಸ್ಕೋಲಿನ್ ಬರೋದೇ ಇಲ್ಲ. ಆದ್ದರಿಂದ ಹೋದ ಸಲ ಸರಿಹೋಯ್ತು ಅನ್ನೋದರಿಂದ ಈ ವಿಷಯದಲ್ಲಿ ಏನೂ ತಿಳಿಯಲ್ಲ. ಈ ಸಲವೂ ಬೆನ್ನಿಗೇ ಕೊಡ್ತಾರೆ, ಆದ್ರೆ ಅರ್ಧರಾತ್ರೀಲಿ ರಕ್ತಸ್ರಾವ ಜೋರಾಗಿಯೋ, ಮಗುವಿನ ಹಾರ್ಟ್‌ಬೀಟ್ ಬಿದ್ದೋ ಅವಸರದಲ್ಲಿ ಪೂರ್ತಿ ಮಂಪರು ಕೊಡಬೇಕಾಗಿ ಬಂದ್ರೆ ಆಗ ಜಾತಿ ವಿಚಾರಿಸ್ತಾ ಕೂರೋಕೆ ಟೈಮ್ ಇರಲ್ಲ, ಅದಕ್ಕೇ ಈಗಲೇ ಕೇಳಿ ಬರೆದಿಟ್ಟುಕೊಂಡಿದ್ದಾರೆ. ಸ್ಕೋಲಿನ್ ಬೇಡ ಅಂದ್ರೆ ಬೇರೆ ದಾರಿ ಇದೆ. ರೋಕ್ಯುರೋನಿಯಂ ಅನ್ನೋದನ್ನ ಸ್ವಲ್ಪ ಜಾಸ್ತಿ ಡೋಸಲ್ಲಿ ಕೊಟ್ರೆ ಹೆಚ್ಚುಕಮ್ಮಿ ಅಷ್ಟೇ ಬೇಗ ಕೆಲಸ ಮಾಡುತ್ತೆ, ಅದನ್ನ ವಾಪಸ್ ಇಳಿಸೋಕೆ ಸುಗಮಾಡೆಕ್ಸ್ ಅಂತ ಔಷಧಿ ಇದೆ, ಬೆಲೆ ಜಾಸ್ತಿ, ಆದ್ರೆ ಸಿಗುತ್ತೆ. ರಿಪೋರ್ಟ್ ಬರೋಕೆ ಮುಂಚೆನೇ ಹೆರಿಗೆ ನೋವು ಬಂದ್ರೆ ಕೊರತೆ ಇದೆ ಅಂತಲೇ ಲೆಕ್ಕ ಹಿಡಿದು ಸ್ಕೋಲಿನ್ ಮುಟ್ಟದೇ ನಡೆಸ್ತಾರೆ, ಅದರಿಂದ ನಷ್ಟ ಏನಿಲ್ಲ. ಮಾಂಸಖಂಡ ಸಡಿಲಿಸೋದಕ್ಕೆ ಮಿವಾಕ್ಯೂರಿಯಂ ಅಂತ ಇನ್ನೊಂದಿದೆ, ಅದೂ ಇದೇ ಕಿಣ್ವದಿಂದಲೇ ಒಡೆಯೋದು, ಅದನ್ನೂ ಬಿಡಬೇಕು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಜೀನ್ ನೋಡಿ ಔಷಧಿ ಕೊಡೋದು ಅಂದ್ರೆ ಈಗಿನ ಹೊಸ ಫ್ಯಾಷನ್ ಅಂದ್ಕೊಂಡಿರ್ತಾರೆ ಜನ. 1950ರ ದಶಕದಲ್ಲಿ ವರ್ನರ್ ಕಾಲೋ ಅನ್ನೋ ಔಷಧ ವಿಜ್ಞಾನಿ ಸ್ಕೋಲಿನ್ ಕೊಟ್ಟ ಕೆಲವರು ಮಾತ್ರ ಯಾಕೆ ಹೀಗೆ ಗಂಟೆಗಟ್ಟಲೆ ಉಸಿರಾಡಲ್ಲ ಅಂತ ಹಿಂದೆ ಬಿದ್ದಿದ್ದರಿಂದಲೇ ಈ ಶಾಸ್ತ್ರ ಒಂದು ರೂಪಕ್ಕೆ ಬಂದಿದ್ದು. ಜೊತೆಗೆ ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಇನ್ನೆರಡು ಔಷಧಿ, ಮಲೇರಿಯಾದ ಪ್ರೈಮಾಕ್ವಿನ್ ಮತ್ತೆ ಟಿಬಿಯ ಐಸೋನಿಯಾಜಿಡ್. ಪ್ರೈಮಾಕ್ವಿನ್ ವಿಷಯ ನಮ್ಮ ಮಂಗಳೂರು ಕಡೆಯವರಿಗೆ ಗೊತ್ತಿರುತ್ತೆ, ಅಲ್ಲಿ ಬಹಳ ವರ್ಷ ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ ಜಾಸ್ತಿ ಇತ್ತು, ಅದಕ್ಕೆ ಹದಿನಾಲ್ಕು ದಿನದ ಮಾತ್ರೆ ಕೊಡ್ತಾರೆ, ಜಿ6ಪಿಡಿ ಅನ್ನೋ ಕಿಣ್ವ ಕಮ್ಮಿ ಇರೋರು ಅದನ್ನ ತಗೊಂಡ್ರೆ ಕೆಂಪು ರಕ್ತಕಣ ಒಡೆದು ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗುತ್ತೆ. ಹಾಗಾದ್ರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈಗ ನಿಮ್ಮ ತಂದೆಯವರ ವಿಷಯ. ಮೊದಲೇ ಹೇಳ್ತೀನಿ, ಸ್ಕೋಲಿನ್ ಕತೆಗೂ ಕ್ಲೋಪಿಡೋಗ್ರೆಲ್ ಕತೆಗೂ ಸಂಬಂಧ ಇಲ್ಲ, ಕಿಣ್ವನೇ ಬೇರೆ, ಜೀನೇ ಬೇರೆ, ತಂಗಿ ರಿಪೋರ್ಟ್ ಹೇಗೇ ಬಂದ್ರೂ ಅದರಿಂದ ಅಪ್ಪನ ಮಾತ್ರೆ ಬಗ್ಗೆ ಏನೂ ಹೇಳೋಕಾಗಲ್ಲ. ಮುಖ್ಯವಾಗಿ ಇಲ್ಲಿ ಜಾತಿ ಕೇಳಿ ಪ್ರಯೋಜನವೂ ಇಲ್ಲ, ಯಾಕಂದ್ರೆ ಈ ಬದಲಾವಣೆ ನಮ್ಮ ದೇಶದಲ್ಲಿ ಎಲ್ಲರ ಮನೇಲೂ ಇದೆ.

ಕ್ಲೋಪಿಡೋಗ್ರೆಲ್ ಅನ್ನೋದು ಅಕ್ಕಿ ಇದ್ದಂಗೆ, ನುಂಗಿದ ರೂಪದಲ್ಲಿ ಅದಕ್ಕೆ ಕೆಲಸ ಮಾಡೋ ಶಕ್ತಿ ಇಲ್ಲ, ಲಿವರ್ ಅದನ್ನ ಬೇಯಿಸಿ ಅನ್ನ ಮಾಡಿದ್ರೆ ಮಾತ್ರ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳೋದನ್ನ ತಡೆಯುತ್ತೆ. ಬೇಯಿಸೋ ಕಿಣ್ವದ ಹೆಸರು ಸಿವೈಪಿ2ಸಿ19. ಸ್ಕೋಲಿನ್ನಲ್ಲಿ ಕಿಣ್ವ ಇಲ್ಲದಿದ್ರೆ ಔಷಧಿ ಅತಿ ಆಗುತ್ತೆ, ಇಲ್ಲಿ ಉಲ್ಟಾ, ಕಿಣ್ವ ಇಲ್ಲದಿದ್ರೆ ಮಾತ್ರೆ ನುಂಗಿದ್ರೂ ನುಂಗದೇ ಇದ್ದಂಗೆ. ಇದರ ಕೆಲಸ ಮಾಡದ ರೂಪ ನಮ್ಮ ಭಾಗದ ಜನರಲ್ಲಿ ಬಹಳ ಸಾಮಾನ್ಯ. ಬ್ರಿಟನ್ನಲ್ಲಿರೋ ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದವರ ಮೇಲೆ ನಡೆದು 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಶೇಕಡಾ 57 ಜನರಲ್ಲಿ, ಅಪ್ಪ ಅಮ್ಮನಿಂದ ಒಂದೊಂದರಂತೆ ಬರೋ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದಾದ್ರೂ ಕೆಟ್ಟಿತ್ತು. ಭಾರತದ ಬೇರೆಬೇರೆ ಕಡೆ ಮಾಡಿದ ಅಧ್ಯಯನಗಳಲ್ಲೂ ಹೆಚ್ಚುಕಮ್ಮಿ ಇದೇ ಚಿತ್ರ, ಎರಡೂ ಪ್ರತಿ ಕೆಟ್ಟಿರೋರು ಹತ್ತರಲ್ಲೊಬ್ಬರು ಅಂತ ಇಟ್ಕೊಳ್ಳಿ. ಯುರೋಪಿಯನ್ನರಲ್ಲಿ ಅಂಥವರು ನೂರಕ್ಕೆ ಎರಡು ಮೂರು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಈ ಮಾತ್ರೆ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕ್ತು, ಬ್ರಿಟನ್ನಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡೋ ನೈಸ್ ಸಂಸ್ಥೆ 2024ರಲ್ಲಿ ಸ್ಟ್ರೋಕ್ ಆದವರಿಗೆ ಕ್ಲೋಪಿಡೋಗ್ರೆಲ್ ಕೊಡೋ ಮುಂಚೆ ಈ ಜೀನ್ ಟೆಸ್ಟ್ ಮಾಡಿ ಅಂತ ಹೇಳ್ತು. ಈ ಬದಲಾವಣೆ ನಮ್ಮಲ್ಲಿ ಅವರಿಗಿಂತ ಎಷ್ಟೋ ಜಾಸ್ತಿ ಇದ್ದೂ ನಮ್ಮಲ್ಲಿ ಇದು ರೂಢಿಗೆ ಬಂದಿಲ್ಲ, ನನ್ನ ಪ್ರಕಾರ ಬರಬೇಕು.

ಹಾಗಂತ ಅಪ್ಪನ ಮಾತ್ರೆ ನಾಳೆಯಿಂದ ನಿಲ್ಲಿಸಬೇಡಿ, ಇದನ್ನ ದಪ್ಪ ಅಕ್ಷರದಲ್ಲಿ ಬರೆದಿದೀನಿ ಅಂದ್ಕೊಳ್ಳಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ ಇರೋದು ಮೊದಲ ಒಂದೆರಡು ತಿಂಗಳು, ಹೋದ ವರ್ಷ ಹಾಕಿದ್ದು ಅಂದ್ರೆ ಅವರು ಅದನ್ನ ದಾಟಿರಬಹುದು. ಬಹಳ ಜನರಿಗೆ ವರ್ಷ ಆದ ಮೇಲೆ ಎರಡು ರಕ್ತ ತೆಳು ಮಾಡೋ ಮಾತ್ರೆಗಳಲ್ಲಿ ಒಂದನ್ನ ಕಾರ್ಡಿಯಾಲಜಿಸ್ಟೇ ನಿಲ್ಲಿಸ್ತಾರೆ. ಹಾಗಾಗಿ ಮುಂದಿನ ಚೆಕಪ್ಪಲ್ಲಿ ಕೇಳಬೇಕಾದ್ದು ಎರಡೇ: ಇನ್ನೂ ಎಷ್ಟು ದಿನ ಇದನ್ನ ತಗೋಬೇಕು, ಮುಂದುವರೆಸೋದಾದ್ರೆ ಸಿವೈಪಿ2ಸಿ19 ಟೆಸ್ಟ್ ಮಾಡಿಸಿದ್ರೆ ನಿಮ್ಮ ನಿರ್ಧಾರ ಬದಲಾಗುತ್ತಾ? ಬದಲಾಗಲ್ಲ ಅಂದ್ರೆ ದುಡ್ಡು ಉಳಿಸಿ. ಕೆಟ್ಟಿದೆ ಅಂತ ಬಂದವರಿಗೆ ಟಿಕಾಗ್ರೆಲರ್, ಪ್ರಾಸುಗ್ರೆಲ್ ಇದ್ದಾವೆ, ಇವಕ್ಕೆ ಆ ಕಿಣ್ವದ ಹಂಗಿಲ್ಲ, ಆದ್ರೆ ರಕ್ತಸ್ರಾವದ ಅಪಾಯ ಜಾಸ್ತಿ, ಟಿಕಾಗ್ರೆಲರ್ ಕೆಲವರಿಗೆ ಉಸಿರು ಕಟ್ಟಿದಂಗೆ ಮಾಡುತ್ತೆ, ಸ್ಟ್ರೋಕ್ ಆದವರಿಗೆ ಪ್ರಾಸುಗ್ರೆಲ್ ಕೊಡೋ ಹಾಗಿಲ್ಲ. ಇದೆಲ್ಲ ತೂಗಿ ನೋಡಬೇಕಾದವರು ಅವರನ್ನ ನೋಡ್ತಿರೋ ಡಾಕ್ಟ್ರು.

ಟೆಸ್ಟ್ ಇಲ್ಲದೇ ಇವತ್ತೇ ನೋಡಬಹುದಾದ್ದು ಒಂದಿದೆ. ಅಪ್ಪ ಗ್ಯಾಸಿಗೆ ಅಂತ ಏನು ನುಂಗ್ತಿದ್ದಾರೆ ನೋಡಿ. ಓಮೆಪ್ರಜೋಲ್ ಅಥವಾ ಎಸೋಮೆಪ್ರಜೋಲ್ ಆದ್ರೆ ಅದು ಇದೇ ಕಿಣ್ವವನ್ನ ಅಡ್ಡಗಟ್ಟುತ್ತೆ, ಜೀನ್ ಚೆನ್ನಾಗಿದ್ರೂ ಕ್ಲೋಪಿಡೋಗ್ರೆಲ್ ಪೂರ್ತಿ ಬೇಯಲ್ಲ. ಪ್ಯಾಂಟೊಪ್ರಜೋಲ್‌ಗೆ ಈ ಕಾಟ ಕಮ್ಮಿ. ಸ್ಟೆಂಟ್ ಹಾಕಿದ ಡಾಕ್ಟ್ರು ಸಾಮಾನ್ಯವಾಗಿ ಪ್ಯಾಂಟೊಪ್ರಜೋಲೇ ಬರೆದಿರ್ತಾರೆ, ಅದು ಖಾಲಿ ಆದಾಗ ಮೆಡಿಕಲ್ ಶಾಪಲ್ಲಿ "ಗ್ಯಾಸ್ ಮಾತ್ರೆ ಕೊಡಿ" ಅಂತ ಕೇಳಿ ಕೊಟ್ಟಿದ್ದನ್ನ ತಂದು ತಿಂಗಳುಗಟ್ಟಲೆ ನುಂಗೋರು ನಮ್ಮಲ್ಲಿ ಬೇಕಾದಷ್ಟು ಜನ.

ಇನ್ನು ಎಂಜಲು ಟೆಸ್ಟ್. ಪೂರ್ತಿ ಮೋಸ ಅಂತ ನಾನು ಹೇಳಲ್ಲ. ಯುರೋಪಿನ ಏಳು ದೇಶಗಳಲ್ಲಿ ಹನ್ನೆರಡು ಜೀನ್ ಮುಂಚೆನೇ ನೋಡಿ ಔಷಧಿ ಕೊಟ್ಟು, 2023ರಲ್ಲಿ ಫಲಿತಾಂಶ ಪ್ರಕಟಿಸಿದ್ರು, ಅಡ್ಡ ಪರಿಣಾಮ ಶೇಕಡಾ 30ರಷ್ಟು ಕಮ್ಮಿ ಆಗಿತ್ತು. ಅಲ್ಲಿ ಟೆಸ್ಟ್ ಮಾಡಿದ್ದು ಆಸ್ಪತ್ರೆ, ರಿಪೋರ್ಟ್ ಓದಿದ್ದು ಡಾಕ್ಟ್ರು ಮತ್ತು ಫಾರ್ಮಸಿಸ್ಟು, ಡೋಸ್ ಬದಲಾಯಿಸಿದ್ದೂ ಅವರೇ. ನಿಮ್ಮ ಮನೆಗೆ ಬರೋದು ಒಂದು ಪಿಡಿಎಫ್. ಅದರಲ್ಲಿ ಹಸಿರು ಹಳದಿ ಕೆಂಪು ಬಣ್ಣ ನೋಡಿ ಕೆಂಪಿರೋ ಮಾತ್ರೆನ ತಾವೇ ಬಿಟ್ಟುಬಿಡೋ ಜನ ಇದ್ದಾರೆ, ನನ್ನ ಹೆದರಿಕೆ ಇದೇ.

ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಪಟ್ಟಿಯಲ್ಲಿ ನಮ್ಮವರ ಜೀನ್ ಇದೆಯಾ ಅನ್ನೋದು. ಅಜಾಥಿಯೋಪ್ರಿನ್ ಅಂತ ಮಾತ್ರೆ ಇದೆ, ಕರುಳಿನ ಹುಣ್ಣು, ಲೂಪಸ್, ಕಿಡ್ನಿ ಕಸಿ ಇಂಥದಕ್ಕೆಲ್ಲ ಕೊಡೋದು. ಕೆಲವರಿಗೆ ಇದು ಕೊಟ್ಟ ಕೆಲವೇ ವಾರದಲ್ಲಿ ತಲೆಕೂದಲು ಹಿಡಿಹಿಡಿಯಾಗಿ ಉದುರಿ, ಬಿಳಿ ರಕ್ತಕಣ ಪಾತಾಳಕ್ಕೆ ಹೋಗುತ್ತೆ. ಯುರೋಪು ಅಮೆರಿಕದವರು ಇದಕ್ಕೆ ಟಿಪಿಎಂಟಿ ಅನ್ನೋ ಜೀನ್ ನೋಡಿ ಅಂತ ವರ್ಷಗಟ್ಟಲೆ ಹೇಳ್ತಾ ಬಂದ್ರು, ನಮ್ಮಲ್ಲೂ ಅದನ್ನೇ ಮಾಡಿಸ್ತಿದ್ರು, ಟೆಸ್ಟ್ ನಾರ್ಮಲ್ ಅಂತ ಬರೋದು, ಪೇಷೆಂಟಿಗೆ ಮಾತ್ರ ಹೀಗಾಗೋದು. 2014ರಲ್ಲಿ ಕೊರಿಯಾದವರು ಏಷ್ಯಾದವರಲ್ಲಿ ತೊಂದರೆ ಕೊಡೋ ಜೀನ್ ಬೇರೇನೇ ಇದೆ, ಎನ್‌ಯುಡಿಟಿ15 ಅಂತ ತೋರಿಸಿದ್ರು. ಟಿಪಿಎಂಟಿ ಬದಲಾವಣೆ ನಮ್ಮಲ್ಲಿ ಕಮ್ಮಿ, ಎನ್‌ಯುಡಿಟಿ15 ಹತ್ತರಲ್ಲೊಬ್ಬರಿಗಿಂತ ಹೆಚ್ಚು ಜನರಲ್ಲಿದೆ. ಅಂದ್ರೆ ಅಷ್ಟು ವರ್ಷ ಬೇರೆ ದೇಶದವರ ಜೀನ್‌ಗೆ ಮಾಡಿದ ಟೆಸ್ಟನ್ನ ನಮ್ಮ ರಕ್ತದಲ್ಲಿ ಮಾಡಿ ನಾರ್ಮಲ್ ಅಂತ ಬರೆದುಕೊಟ್ಟಿದ್ದು. ನಿಮ್ಮ ಕುಟುಂಬಕ್ಕೆ ಬೇಕಾಗಿರೋ ಆ 307ನೇ ಜಾಗದ ಬದಲಾವಣೆನೂ ಈ ಕಂಪನಿಗಳ ಪಟ್ಟಿಯಲ್ಲಿ ಇರಲೇಬೇಕು ಅಂತಿಲ್ಲ, ದುಡ್ಡು ಕೊಡೋ ಮುಂಚೆ ಬರವಣಿಗೆಯಲ್ಲಿ ಕೇಳಿ. ನಮ್ಮವರದ್ದೇ ಲೆಕ್ಕ ಈಗೀಗ ಆಗ್ತಿದೆ, ಬೆಂಗಳೂರಿನ ಐಐಎಸ್‌ಸಿಯಲ್ಲಿರೋ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಅಂತ ದೇಶದ ಹತ್ತು ಸಾವಿರ ಜನರ ಜೀನೋಮ್, ಅಂದ್ರೆ ಪೂರ್ತಿ ಡಿಎನ್‌ಎ, ಓದಿ 2025ರ ಜನವರಿಯಲ್ಲಿ ಆ ಮಾಹಿತಿನ ಸಂಶೋಧಕರಿಗೆ ತೆರೆದಿಟ್ಟಿದ್ದಾರೆ.

ಇನ್ನೊಂದು ಕಡೆ, ಟೆಸ್ಟೇ ಬೇಡ ಅನ್ನೋ ಔಷಧಿಗಳೂ ಇದ್ದಾವೆ. ಐಸೋನಿಯಾಜಿಡ್ ಅಂದೆನಲ್ಲ, ಅದನ್ನ ದಕ್ಷಿಣ ಭಾರತೀಯರಲ್ಲಿ ನೂರಕ್ಕೆ ಅರವತ್ತರಷ್ಟು ಜನ ನಿಧಾನವಾಗಿ ಕರಗಿಸ್ತಾರೆ, 1956ರಲ್ಲಿ ಮದ್ರಾಸಲ್ಲಿ ಶುರುವಾದ ಟಿಬಿ ಕೇಂದ್ರದವರು ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ನಿಧಾನದವರಿಗೆ ಕೈಕಾಲು ಜೋಮು ಹಿಡಿಯೋ ತೊಂದರೆ ಜಾಸ್ತಿ. ಅದಕ್ಕೆ ಎಲ್ಲರ ಜೀನ್ ನೋಡ್ತಾ ಕೂರಬೇಕಾ? ಬೇಡ, ಬಿ6 ವಿಟಮಿನ್ ಮಾತ್ರೆ ಜೊತೆಗೆ ಕೊಟ್ರೆ ಮುಗೀತು, ಅದರ ಬೆಲೆ ಪೈಸೆಗಳಲ್ಲಿ.

ಹಾಗಾಗಿ ಮನೆಯವರಿಗೆಲ್ಲ ಎಂಜಲು ಟೆಸ್ಟ್ ಬೇಡ. ಅದರ ಬದಲು ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಸೀರಮ್ ಕೋಲಿನ್‌ಎಸ್ಟರೇಸ್ ಒಂದ್ಸಲ ಮಾಡಿಸಿ. ತಂಗಿಗೆ ಎರಡೂ ಕಡೆಯಿಂದ ಬಂದಿದೆ ಅಂತಾದ್ರೆ ಪ್ರತಿಯೊಬ್ಬ ಒಡಹುಟ್ಟಿದವರಿಗೂ ನಾಲ್ಕರಲ್ಲೊಂದು ಪಾಲು ಅದೇ ಆಗಿರೋ ಸಾಧ್ಯತೆ ಇದೆ. ಅಕ್ಕನ ಮಗಳನ್ನ ಸೋದರಮಾವನಿಗೆ ಕೊಟ್ಟಿರೋ ಮನೆಗಳಲ್ಲಿ ಮಕ್ಕಳಿಗೂ ಮಾಡಿಸೋದು ಒಳ್ಳೇದು. ಒಂದು ಸಲ ಮಾಡಿಸಿದ್ರೆ ಜೀವಮಾನಕ್ಕೆ ಸಾಕು, ಜೀನ್ ವಯಸ್ಸಾದಂಗೆ ಬದಲಾಗಲ್ಲ. ಕೊರತೆ ಇದೆ ಅಂತ ಬಂದವರು ಒಂದು ಕಾರ್ಡಲ್ಲಿ ಕನ್ನಡ ಇಂಗ್ಲಿಷ್ ಎರಡರಲ್ಲೂ "ಸ್ಯೂಡೋಕೋಲಿನ್‌ಎಸ್ಟರೇಸ್ ಕೊರತೆ ಇದೆ, ಸ್ಕೋಲಿನ್ ಮತ್ತು ಮಿವಾಕ್ಯೂರಿಯಂ ಕೊಡಬಾರದು" ಅಂತ ಬರೆದು ಪರ್ಸಲ್ಲಿಟ್ಟುಕೊಳ್ಳಿ, ಫೋನಿನ ಎಮರ್ಜೆನ್ಸಿ ಮಾಹಿತಿಯಲ್ಲೂ ಹಾಕಿ. ಅಮೆರಿಕದಲ್ಲೋ ದುಬೈಯಲ್ಲೋ ಇರೋ ನೆಂಟರಿಗೂ ಹೇಳಿ, ಅಲ್ಲಿನ ಅನಸ್ತೇಶಿಯಾ ಡಾಕ್ಟ್ರಿಗೆ ಆರ್ಯವೈಶ್ಯ ಅಂದ್ರೆ ಏನೂ ಅರ್ಥ ಆಗಲ್ಲ, ಕಿಣ್ವದ ಹೆಸರು ಹೇಳಿದ್ರೆ ತಕ್ಷಣ ಆಗುತ್ತೆ.

ತಂಗಿ ರಿಪೋರ್ಟ್ ಬಂದ ಮೇಲೆ ಏನಾದ್ರೂ ಅನುಮಾನ ಇದ್ರೆ ಮತ್ತೆ ಬರೀರಿ, ಸಂಖ್ಯೆ ಜೊತೆಗೆ ಲ್ಯಾಬಿನ ನಾರ್ಮಲ್ ರೇಂಜ್, ಎಷ್ಟನೇ ವಾರದಲ್ಲಿ ರಕ್ತ ತೆಗೆದಿದ್ದು ಅನ್ನೋದನ್ನೂ ಸೇರಿಸಿ.